ತಿದ್ದಿದವರು ಕುಣಿಯಬೇಕು

ಸತ್ಯನಾರಾಯಣಪೇಟೆಯಲ್ಲಿ ನಿಂತು ದಾಕ್ಷಾಯಣಮ್ಮನವರ ಮನೆ ಯಾವುದು ಎಂದು ಕೇಳಿದರೆ ಜನ ಮುಖ ಮುಖ ನೋಡುತ್ತಾರೆ. ಟೈಪಿಂಗ್ ಟೀಚರ್ ಮನೆ ಎನ್ನಬೇಕು. ಆಗ ಕಾಯಿಪಲ್ಲೆ ಗಾಡಿಯವನು ಗಾಡಿ ಬಿಟ್ಟು ಬಂದು ಬಾಗಿಲು ತೋರಿಸುತ್ತಾನೆ, ತನ್ನ ಮಗ ಅಲ್ಲೇ ಕಲಿತು ಜೂನಿಯರ್ ಪರೀಕ್ಷೆ ಪಾಸಾದದ್ದನ್ನೂ ಹೇಳುತ್ತಾನೆ. ನಾನು, ಕೌಲ್ ಬಜಾರಿನ ಹುಲುಗಪ್ಪ, ರೇಡಿಯೋ ರಿಪೇರಿ ಬಿಟ್ಟು ಆ ಟೀಚರ ಕೈಕೆಳಗೆ ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಕೆಲಸ ಮಾಡಿದವನು. ಅವರ ಕೈಯಲ್ಲಿ ಸದಾ ಒಂದು ಮರದ ರೂಲರ್ ಇರುತ್ತಿತ್ತು. ಅದರಿಂದ ಅವರು ಗೆರೆ ಎಳೆದದ್ದನ್ನು ನಾನು ನೋಡಿಲ್ಲ.

ಅವರು ಹುಟ್ಟಿದ್ದು ಕುರುಗೋಡಿನಲ್ಲಿ. ತಂದೆ ಕಾಡಸಿದ್ದಪ್ಪ ಬಯಲಾಟದ ಮಾಸ್ತರು. ಅರವತ್ತರ ದಶಕದಲ್ಲಿ ಸುಗ್ಗಿ ಮುಗಿದು ಕಣ ಖಾಲಿಯಾಯಿತೆಂದರೆ ಸುತ್ತಲಿನ ಊರುಗಳವರು ಗಾಡಿ ಕಟ್ಟಿಕೊಂಡು ಬಂದು ಅವರನ್ನು ಕರೆದೊಯ್ಯುತ್ತಿದ್ದರು. ಆಟ ಕಲಿಸುವ ತಾಲೀಮು ನಡೆಯುವುದು ಊರ ಮುಂದಿನ ಬಯಲಿನಲ್ಲಿ. ನೋಡಲು ಬರುವವರು ಬಾಯಿ ಮುಚ್ಚಿಕೊಂಡು ಕೂಡುವ ಪೈಕಿಯಲ್ಲ. ರಾಜ ಹಾಗೆ ನಿಲ್ಲಬಾರದು, ರಾಣಿಯ ದನಿ ಗೊಗ್ಗರಾಗಿದೆ, ಈ ಹಾಡು ತೆಗೆದು ಇನ್ನೊಂದು ಹಾಕಿ ಎಂದು ಒಬ್ಬೊಬ್ಬರದು ಒಂದೊಂದು ಹುಕುಂ. ಮಾಸ್ತರು ಯಾರಿಗೂ ಇಲ್ಲ ಎನ್ನುತ್ತಿರಲಿಲ್ಲ. "ಬಾರಪ್ಪ ಒಳಗ, ನೀ ಅಂದಂಗ ನೀನ ಕುಣಿದು ತೋರ್ಸು," ಎನ್ನುತ್ತಿದ್ದರು. ಅವನು ಕುಣಿದು ತೋರಿಸಿದರೆ ಅದು ಆಟಕ್ಕೆ ಸೇರುತ್ತಿತ್ತು. ಕುಣಿಯದಿದ್ದರೆ ಅವನ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಇನ್ನೊಂದು ಕಟ್ಟಳೆಯೂ ಇತ್ತು. ಹಾಜರಿ ಕೂಗುವಾಗ ಎಲ್ಲರಿಗಿಂತ ಕೊನೆಗೆ ಬಂದವನ ಹೆಸರನ್ನೇ ಮೊದಲು ಕೂಗುವುದು, ಅದೂ ಅವನ ಅಪ್ಪನ ಹೆಸರು ಸೇರಿಸಿ, ಊರಿಗೆಲ್ಲ ಕೇಳುವಂತೆ.

ಮಗಳಿಗೆ ಆಟವೆಲ್ಲ ಬಾಯಿಪಾಠ. ಆದರೆ ಆಗ ಹೆಣ್ಣುಮಕ್ಕಳು ತಾಲೀಮಿನ ಗೆರೆ ದಾಟುವಂತಿರಲಿಲ್ಲ. ರಾಣಿಯ ಪಾತ್ರಕ್ಕೂ ಮೀಸೆ ಬೋಳಿಸಿದ ಗಂಡಸರೇ. ಅಪ್ಪನ ಬೆನ್ನ ಹಿಂದೆ ಕೂತು, ಮಾತು ಮರೆತವರಿಗೆ ಮಾತು ಎತ್ತಿಕೊಡುವುದಷ್ಟೇ ಇವರ ಪಾಲಿನ ಕೆಲಸ. "ಎಲ್ಲಾರಿಗೂ ಮಾತು ನಾನ ಕೊಟ್ಟೆ. ನನಗ ಯಾರೂ ಒಂದು ಪಾತ್ರ ಕೊಡ್ಲಿಲ್ಲ ನೋಡಪ್ಪ," ಎಂದು ಒಮ್ಮೆ ನನ್ನೆದುರು ಅಂದರು. ನಗುತ್ತಲೇ ಅಂದರು.

ಎಪ್ಪತ್ತರ ದಶಕದ ಮೊದಲಿಗೆ ಬಳ್ಳಾರಿಗೆ ಬಂದು, ವಿರೂಪಾಕ್ಷಪ್ಪ ಎಂಬ ಹತ್ತಿ ವ್ಯಾಪಾರಿಯ ಮಾಳಿಗೆಯ ಮೇಲೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ತೆರೆದರು. ನೆಂಟರು ಗಂಡಿನ ವಿಚಾರ ಹಿಡಿದುಕೊಂಡು ಮೆಟ್ಟಿಲೇರಿದಾಗಲೆಲ್ಲ ಇದ್ದಬದ್ದ ಹುಡುಗರನ್ನೆಲ್ಲ ಒಟ್ಟಿಗೆ ಮಷೀನಿಗೆ ಕೂಡಿಸುತ್ತಿದ್ದರಂತೆ. ಆ ಸದ್ದಿನಲ್ಲಿ ಗಂಡಿನ ಹೆಸರು ಕೂಡ ಕೇಳಿಸುತ್ತಿರಲಿಲ್ಲ. ಹಾಗೆ ಮದುವೆಯ ಮಾತು ತಾನಾಗಿಯೇ ನಿಂತುಹೋಯಿತು.

ಎಂಬತ್ತಾರರಲ್ಲಿ ಹೈದರಾಬಾದಿಗೆ ಮದುವೆಗೆಂದು ಹೋದ ವಿರೂಪಾಕ್ಷಪ್ಪನವರು ಬರುವಾಗ ಕಂಪ್ಯೂಟರ್ ತಂದರು. ಬೀಗರ ಅಂಗಡಿಯಲ್ಲಿ ನೋಡಿದರಂತೆ. ಬೀಗರ ಹತ್ತಿರ ಇದ್ದದ್ದು ತಮ್ಮ ಹತ್ತಿರ ಇಲ್ಲದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಮಾಳಿಗೆಯ ಒಂದು ಕೋಣೆಗೆ ಏಸಿ ಹಾಕಿಸಿದರು, ಯಂತ್ರಕ್ಕೆ ವಿಭೂತಿ ಹಚ್ಚಿದರು, ಧೂಳು ಬರಬಾರದೆಂದು ಎಲ್ಲರೂ ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು ಬರಬೇಕೆಂದು ಬರೆಸಿ ಹಾಕಿದರು. ಇದನ್ನೆಲ್ಲ ನಡೆಸುವವರು ಯಾರು ಎಂಬುದಕ್ಕೆ ಮಾತ್ರ ಹೆಚ್ಚು ಯೋಚಿಸಲಿಲ್ಲ.

"ಟೀಚರಮ್ಮ, ಅದಕ್ಕೂ ಗುಂಡಿ ಅದಾವ, ನಿಮ್ಮ ಮಷೀನಿಗೂ ಗುಂಡಿ ಅದಾವ. ಅಕ್ಷರ ಸುದ್ದಾ ಅದ ಜಾಗದಾಗ ಅದಾವ. ನೀವ ನೋಡಿಕೊಂಡು ಹೋಗ್ರಿ," ಎಂದುಬಿಟ್ಟರು.

ಟೀಚರು ಒಂದು ಮಾತೂ ಎದುರಾಡದೆ ಒಪ್ಪಿದರು. ಜೀವಮಾನದಲ್ಲಿ ಮೊದಲ ಸಲ ಅವರದೇ ಎನ್ನುವ ಒಂದು ಮೇಳ ಸಿಕ್ಕಿತ್ತು.

ಮೇಳ ಎಂದರೆ ನಾವಿಬ್ಬರು. ಮರಿಬಸಪ್ಪ ಹೈದರಾಬಾದಿನಲ್ಲಿ ಕೋರ್ಸ್ ಮಾಡಿ ಬಂದವನು, ಜೇಬಿನ ತುಂಬ ಬಣ್ಣಬಣ್ಣದ ಪೆನ್ನು. ಗಿರಾಕಿಗೆ ಬೇಕಾದದ್ದನ್ನೆಲ್ಲ ಮೊದಲೇ ಕೇಳಿ ಬರೆದುಕೊಳ್ಳಬೇಕು, ನಕ್ಷೆ ಹಾಕಬೇಕು, ಸಹಿ ಮಾಡಿಸಬೇಕು, ಆಮೇಲೇ ಯಂತ್ರ ಮುಟ್ಟಬೇಕು, ಸಹಿಯಾದ ಮೇಲೆ ದೇವರು ಇಳಿದು ಬಂದರೂ ಏನನ್ನೂ ಬದಲಾಯಿಸಬಾರದು ಎಂಬುದು ಅವನ ವಾದ. ನನ್ನದು ಇದಕ್ಕೆ ತಿರುಗಾಮುರುಗಾ. ಯಂತ್ರದ ಮುಂದೆ ಕೂತು ಶುರು ಮಾಡಿಬಿಡಬೇಕು, ಗಿರಾಕಿ ಕೇಳಿದ್ದನ್ನು ಕೇಳಿದ ಹಾಗೆ ಸೇರಿಸುತ್ತ ಹೋಗಬೇಕು. ಕೆಟ್ಟ ರೇಡಿಯೋಗೆ ಯಾರಾದರೂ ನಕ್ಷೆ ಹಾಕುತ್ತಾರೆಯೇ? ಬಿಚ್ಚಿದರೆ ಗೊತ್ತಾಗುತ್ತದೆ. ಮಾತಿನ ನಡುವೆ ಪೆನ್ನಿನ ಬಣ್ಣ ಬದಲಾಯಿಸುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಮೊದಲ ಕೆಲಸ ಬಂದದ್ದು ಸಿರುಗುಪ್ಪದ ಅಕ್ಕಿ ಗಿರಣಿಗಳ ಸಂಘವೊಂದರಿಂದ. ಗಿರಣಿಗಳವರು ದಿನಾ ಒಂದೊಂದು ಚೀಟಿ ಕಳಿಸುತ್ತಾರೆ. ಯಾರಿಗೆ ಎಷ್ಟು ಬತ್ತ ಬಂತು, ಎಷ್ಟು ಅಕ್ಕಿ ಆಯಿತು, ಸರ್ಕಾರದ ಪಾಲಿನ ಲೆವಿ ಅಕ್ಕಿ ಎಷ್ಟು ಕೊಡಬೇಕು, ಎಲ್ಲ ಒಂದೇ ಕಾಗದದಲ್ಲಿ ಅಚ್ಚಾಗಿ ಬರಬೇಕು. ಸಂಘದ ಅಧ್ಯಕ್ಷ ಎರ್ರಿಸ್ವಾಮಿ ಎತ್ತರದ ಆಳು, ಹುರಿ ಮೀಸೆ, ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಪಿಸುಮಾತನ್ನೇ ಮರೆತವರು. ಹರೆಯದಲ್ಲಿ ಕಾಡಸಿದ್ದಪ್ಪ ಮಾಸ್ತರ ಬಳಿ ರಾಕ್ಷಸ ರಾಜನ ಪಾತ್ರ ಕಲಿತಿದ್ದರಂತೆ. "ತಾಲೀಮಿಗೆ ಒಂದಿನಾನೂ ಹೊತ್ತಿಗೆ ಬರ್ಲಿಲ್ಲ ಆ ಪುಣ್ಯಾತ್ಮ. ದಿನಾ ಅಪ್ಪನ ಬಾಯಾಗ ಮೊದಲ ಹೆಸರು ಅವರ್ದ," ಎಂದು ಟೀಚರು ನೆನೆಯುತ್ತಿದ್ದರು.

ವಿರೂಪಾಕ್ಷಪ್ಪನವರು ವ್ಯಾಪಾರಸ್ಥರು, ಗಡುವು ಹಾಕಿದರು. "ದೀಪಾವಳಿ ತನಕ ನೋಡ್ತೀನಿ ಟೀಚರಮ್ಮ. ಅಷ್ಟರಾಗ ಸಿರುಗುಪ್ಪದೋರು ಒಪ್ಪಿಕೊಂಡ್ರ ಸರಿ. ಇಲ್ಲಾಂದ್ರ ಈ ಡಬ್ಬಿ ಮಾರಿ ಇಲ್ಲಿ ವಿಡಿಯೋ ಹಾಕಿ ಸಿನಿಮಾ ತೋರಿಸ್ತೀನಿ. ಏಸಿ ಹೆಂಗೂ ಐತಿ. ಕುರ್ಚಿ ಹಾಕಾಕ ಟೈಪಿಂಗ್ ಕೋಣಿನೂ ಬೇಕಾಕ್ಕೈತಿ."

ಬರೀ ಮಾತಲ್ಲ. ವಿಡಿಯೋ ಎಂದು ದೊಡ್ಡ ಅಕ್ಷರದ ಬೋರ್ಡ್ ಬರೆಸಿ ತಂದು ಮೆಟ್ಟಿಲ ಕೆಳಗೆ, ಗೋಡೆಗೆ ಮುಖ ಮಾಡಿ ನಿಲ್ಲಿಸಿಯೇಬಿಟ್ಟರು. ಟೀಚರು ದಿನಾ ಅದರ ಪಕ್ಕದಲ್ಲೇ ಚಪ್ಪಲಿ ಬಿಟ್ಟು ಮೇಲೆ ಬರಬೇಕು. ದೀಪಾವಳಿಗೆ ಒಪ್ಪಿಗೆ ಸಿಗದಿದ್ದರೆ ಮೇಳವೂ ಹೋಯಿತು, ಇಷ್ಟು ವರ್ಷ ಕಟ್ಟಿಕೊಂಡ ಟೈಪಿಂಗೂ ಹೋಯಿತು. ಅವರು ಬೋರ್ಡಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಮೊದಲು ಮರಿಬಸಪ್ಪನ ದಾರಿ ಹಿಡಿದೆವು. ಬೇಸಿಗೆಯೆಲ್ಲ ಅವನು ಸಿರುಗುಪ್ಪದ ಬಸ್ಸಿನಲ್ಲೇ ಕಳೆದ. ಗಿರಣಿಯವರು ಅವನ ಪೆನ್ನುಗಳನ್ನು ನೋಡಿ, ಲೆವಿ ತಪಾಸಣೆಗೆ ಬಂದ ಸರ್ಕಾರದ ಕಡೆಯವನೆಂದು ತಿಳಿದು, ಕೇಳಿದ್ದಕ್ಕೆಲ್ಲ "ಹೌದ್ರಿ ಸಾಹೇಬ್ರ" ಎಂದು ಎಳನೀರು ಕುಡಿಸಿ ಕಳಿಸಿದರು. ದಿಂಬಿನಷ್ಟು ದಪ್ಪ ಕಾಗದದ ಕಟ್ಟು ತಯಾರಾಯಿತು. ಯಾರೂ ಓದದೆ ಸಹಿ ಹಾಕಿದರು. ಒಬ್ಬರು ಹೆಬ್ಬೆಟ್ಟು ಒತ್ತಿ, ಬೇಕಾದರೆ ಇನ್ನೊಂದು ಒತ್ತುತ್ತೇನೆ ಎಂದರು. ಅದರಂತೆಯೇ ನಾವು ಪ್ರೋಗ್ರಾಂ ಬರೆದು ಅಚ್ಚು ತೆಗೆದು ತೋರಿಸಿದಾಗ ಎರ್ರಿಸ್ವಾಮಿ ಕಾಗದವನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದರು.

"ಎಲ್ಲಾ ಐತಿ. ನುಚ್ಚು, ತವಡು ಎಲ್ಲಿ ಅದಾವ?"

ಬತ್ತ ಗಿರಣಿಗೆ ಹಾಕಿದರೆ ಅಕ್ಕಿಯ ಜೊತೆ ನುಚ್ಚು ತವಡೂ ಬರುತ್ತವೆ ಎಂದು ಯಾರೂ ಹೇಳಿರಲಿಲ್ಲ, ಮರಿಬಸಪ್ಪ ಕೇಳಿರಲಿಲ್ಲ. ಅವನು ಬೆವರುತ್ತ ಸಹಿ ತೋರಿಸಿದ.

"ಸಹಿ ನಂದ ಐತಿ ತಮ್ಮಾ. ತವಡೂ ನಂದ ಐತಿ. ಎಲ್ಲಿ ಹೋತು?" ಎಂದರು ಎರ್ರಿಸ್ವಾಮಿ.

ಆಮೇಲೆ ನನ್ನ ದಾರಿ. ಸಂಘದವರು ಫೋನಿನಲ್ಲಿ ಹೇಳಿದ್ದನ್ನೆಲ್ಲ ಸೇರಿಸುತ್ತ ಹೋದೆ. ತವಡು ಸೇರಿತು, ನುಚ್ಚು ಸೇರಿತು, ಹರಿದ ಚೀಲಗಳ ಲೆಕ್ಕ ಸೇರಿತು, ಒಬ್ಬರಿಗಾಗಿ ಮುಂದಿನ ಅಮಾವಾಸ್ಯೆ ಯಾವತ್ತು ಎಂದು ತೋರಿಸುವುದೂ ಸೇರಿತು. ಫೋನ್ ತಿರುಗಿಸಿದರೆ ಸಾಕು, ಮರುದಿನ ಆಗಿರುತ್ತಿತ್ತು. ಗಿರಣಿಯವರಿಗೆ ಈ ಆಟ ಬಹಳ ಹಿಡಿಸಿತು. ಒಂದು ದಿನ ಅಚ್ಚು ತೆಗೆದು ನೋಡಿದರೆ, ಎಂದೋ ಬೀಗ ಬಿದ್ದಿದ್ದ ಗಿರಣಿಯೊಂದು ಎಲ್ಲರಿಗಿಂತ ಹೆಚ್ಚು ಅಕ್ಕಿ ಮಾಡಿತ್ತು. ಎಲ್ಲಿ ತಪ್ಪಿದೆ ಎಂದು ಹುಡುಕಲು ಹೋದರೆ ನಾನು ಬರೆದದ್ದು ನನಗೇ ತಿಳಿಯಲಿಲ್ಲ. ಪಕ್ಕದಲ್ಲಿ ಮರಿಬಸಪ್ಪ ತಣ್ಣಗೆ ಕೂತು ಪೆನ್ನು ಒರೆಸುತ್ತಿದ್ದ. ಆ ಒರೆಸುವಿಕೆಯನ್ನು ನಾನು ಅವನಿಗೆ ಇನ್ನೂ ಕ್ಷಮಿಸಿಲ್ಲ.

ಆವತ್ತು ನಮ್ಮಿಬ್ಬರಿಗೆ ಕೈಕೈ ಮಿಲಾಯಿಸುವಷ್ಟು ಜಗಳವಾಯಿತು. ಟೀಚರು ರೂಲರಿನಿಂದ ಮೇಜಿಗೆ ಒಂದು ಬಾರಿಸಿದರು.

"ಸುಮ್ಕ ಕೂಡ್ರಿ ಇಬ್ರೂ. ಒಬ್ಬ ಕುಣಿಯೋದು ಬಿಟ್ಟು ಪುಸ್ತಕ ಬರಿತಾನ. ಇನ್ನೊಬ್ಬ ಮಂದಿ ಸಿಳ್ಳಿ ಹೊಡೆದಂಗೆಲ್ಲಾ ಕುಣಿತಾನ. ನಮ್ಮಪ್ಪ ಇದ್ದಿದ್ರ ಇಬ್ರನ್ನೂ ಮೇಳದಿಂದ ಹೊರಗ ಹಾಕ್ತಿದ್ದ. ನಾಳಿಂದ ಇಲ್ಲಿ ತಾಲೀಮು."

"ತಾಲೀಮಾ? ನಮ್ಮ ಕೋರ್ಸಿನ್ಯಾಗ ಅದು ಇರ್ಲಿಲ್ರಿ ಟೀಚರ್," ಎಂದ ಮರಿಬಸಪ್ಪ.

"ಕೋರ್ಸಿನ್ಯಾಗ ತವಡೂ ಇರ್ಲಿಲ್ಲ," ಎಂದರು ಟೀಚರು.

ಮರುದಿನದಿಂದ ಕೆಲಸದ ರೀತಿಯೇ ಬೇರೆಯಾಯಿತು. ಬೆಳಿಗ್ಗೆ ಬಿಸಿಲು ಏರಿದ ಮೇಲೆ ನಮ್ಮನ್ನು ಏಸಿ ಕೋಣೆಯಿಂದ ಹೊರಗೆ, ಮಾಳಿಗೆಯ ಬಯಲಿಗೆ ಕರೆದು ನಿಲ್ಲಿಸುತ್ತಿದ್ದರು. ನಿನ್ನೆ ಏನಾಯಿತು, ಇವತ್ತು ಏನು ಮಾಡುತ್ತೀರಿ, ಎಲ್ಲಿ ಸಿಕ್ಕಿಕೊಂಡಿದ್ದೀರಿ, ಇಷ್ಟನ್ನು ನಿಂತೇ ಹೇಳಬೇಕು. ಚಪ್ಪಲಿ ಮೆಟ್ಟಿಲ ಕೆಳಗೆ. ಬಳ್ಳಾರಿಯ ಬಿಸಿಲಿಗೆ ಕಾದ ಹಾಸುಗಲ್ಲಿನ ಮೇಲೆ ಬರಿಗಾಲಲ್ಲಿ ನಿಂತವರು ಭಾಷಣ ಮಾಡುವುದಿಲ್ಲ. ಮರಿಬಸಪ್ಪ ಕೋರ್ಸಿನ ವಿಷಯ ಎತ್ತುವುದನ್ನು ಅಲ್ಲಿಯೇ ಬಿಟ್ಟ. ನಾನೂ ನೆಪ ಹೇಳುವುದನ್ನು ಬಿಟ್ಟೆ. ಟೀಚರು ಮಾತ್ರ ನೀರಿನ ತೊಟ್ಟಿಯ ನೆರಳಿನಲ್ಲಿ ನಿಲ್ಲುತ್ತಿದ್ದರು.

ಪ್ರತಿ ಸೋಮವಾರ ಗಿರಣಿಯವರಿಗೆ ಕರೆ. ಜಮಖಾನ ಹಾಸಿ, ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಿಸಿ, ಆ ವಾರ ಎಷ್ಟು ಕೆಲಸ ನಡೆದಿದೆಯೋ ಅಷ್ಟನ್ನು ಯಂತ್ರದಲ್ಲಿ ತೋರಿಸುವುದು. ಆಗದಿದ್ದದ್ದನ್ನು ಆಗುತ್ತದೆ ಎನ್ನುವಂತಿಲ್ಲ. ಮೊದಲ ಸೋಮವಾರ ತೋರಿಸಲು ನಮ್ಮ ಬಳಿ ಇದ್ದದ್ದು ಗಿರಣಿಗಳ ಹೆಸರು ಮತ್ತು ಬತ್ತದ ತೂಕ, ಅಷ್ಟೇ. ಆದರೆ ಸರಿಯಾಗಿತ್ತು. ನೋಡಿದವರು ಬಾಯಿ ಹಾಕದೆ ಇರುತ್ತಾರೆಯೇ? ಅದು ಬೇಕು, ಇದು ಬೇಕು ಎಂದು ಶುರು ಮಾಡಿದರು.

"ಬೇಕಾದ್ದು ಕೇಳ್ರಿ. ತಿದ್ದಿದವರು ಕುಣೀಬೇಕು," ಎಂದು ಟೀಚರು ಕುರ್ಚಿ ಎಳೆದು ಯಂತ್ರದ ಮುಂದೆ ಇಟ್ಟರು.

ಇಲ್ಲಿ ಕುಣಿಯುವುದೆಂದರೆ, ಕೇಳಿದವರು ತಾವೇ ಆ ಕುರ್ಚಿಯಲ್ಲಿ ಕೂತು, ತಮ್ಮ ಗಿರಣಿಯ ಒಂದು ದಿನದ ಚೀಟಿಯನ್ನು ತಾವು ಕೇಳಿದ ಹೊಸ ಅಂಕಿಯೂ ಸೇರಿ ಮೊದಲಿಂದ ಕೊನೆತನಕ ಗುಂಡಿ ಒತ್ತಿ ಬರೆಯಬೇಕು. ಹರಿದ ಚೀಲ ಕೇಳಿದ್ದವರು ಅರ್ಧಕ್ಕೇ ಎದ್ದು, ಹರಿದದ್ದು ಹರಿದುಹೋಗಲಿ ಎಂದರು. ಅಮಾವಾಸ್ಯೆಯವರು ಮನೆಯಲ್ಲಿ ಕ್ಯಾಲೆಂಡರ್ ಇದೆ ಎಂದು ನೆನಪು ಮಾಡಿಕೊಂಡರು. ತವಡಿಗಾಗಿ ಮಾತ್ರ ಎರ್ರಿಸ್ವಾಮಿ ಒಂದೊಂದು ಗುಂಡಿಯನ್ನೂ ಶತ್ರುವಿನ ಕಣ್ಣು ತಿವಿದಂತೆ ಒತ್ತಿ ಕೊನೆತನಕ ಕೂತರು. ತವಡು ಸೇರಿತು. ಹೀಗೆ ವಾರವಾರಕ್ಕೆ ಸ್ವಲ್ಪ ಸ್ವಲ್ಪವೇ ಬೆಳೆದ ಪ್ರೋಗ್ರಾಂ ದಸರೆ ಕಳೆಯುವ ಹೊತ್ತಿಗೆ ತನ್ನ ಕಾಲ ಮೇಲೆ ನಿಂತಿತ್ತು. ಮರಿಬಸಪ್ಪ ಆ ವಾರಕ್ಕೆ ಬೇಕಾದಷ್ಟೇ ಬರೆಯುತ್ತಿದ್ದ, ನಾನು ಅವನು ಬರೆದದ್ದನ್ನು ಓದಿ ಗುಂಡಿ ಒತ್ತುತ್ತಿದ್ದೆ. ಹೊಂದಿಕೊಂಡೆವು ಎನ್ನಲಾರೆ, ಕಾಲು ಸುಡುತ್ತಿತ್ತು.

ದೀಪಾವಳಿಗೆ ಮುಂಚಿನ ಸೋಮವಾರ ಕೊನೆಯ ತಾಲೀಮು, ಸಿರುಗುಪ್ಪದಲ್ಲಿ, ಎರ್ರಿಸ್ವಾಮಿಯವರ ಗಿರಣಿಯ ಅಂಗಳದಲ್ಲಿ. ವಿರೂಪಾಕ್ಷಪ್ಪನವರ ಕಾರಿನ ಹಿಂದಿನ ಸೀಟಿನಲ್ಲಿ ಯಂತ್ರಕ್ಕೆ ಕಂಬಳಿ ಹೊದಿಸಿ, ನಾನೂ ಮರಿಬಸಪ್ಪನೂ ಎರಡು ಕಡೆಯಿಂದ ತಬ್ಬಿಕೊಂಡು ಹೋದೆವು. ಮುಂದಿನ ಸೀಟಿನಲ್ಲಿ ವಿರೂಪಾಕ್ಷಪ್ಪನವರು ದಾರಿಯುದ್ದಕ್ಕೂ ಸಿನಿಮಾ ಕ್ಯಾಸೆಟ್ಟುಗಳ ಬಾಡಿಗೆಯ ವಿಚಾರವನ್ನೇ ಡ್ರೈವರನಿಗೆ ಹೇಳುತ್ತಿದ್ದರು. ಟೀಚರು ನಮ್ಮ ಜೊತೆ ಬರಲಿಲ್ಲ. ಬಸ್ಸಿನಲ್ಲಿ ಬಂದರು.

ಗಿರಣಿಯ ಜನರೇಟರಿಗೆ ಯಂತ್ರವನ್ನು ಜೋಡಿಸಿ ಅಂದಿನ ಚೀಟಿಗಳನ್ನು ಬರೆದೆವು. ಪ್ರಿಂಟರ್ ಕಿರುಗುಟ್ಟಿ ಕಾಗದ ಹೊರಹಾಕಿತು. ಎಲ್ಲರೂ ತಮ್ಮ ತಮ್ಮ ಸಾಲು ನೋಡಿಕೊಂಡರು. ಬತ್ತ, ಅಕ್ಕಿ, ನುಚ್ಚು, ತವಡು, ಲೆವಿ, ಒಂದೂ ತಪ್ಪಿಲ್ಲ. ಇನ್ನು ಅಧ್ಯಕ್ಷರು ಹೂಂ ಎನ್ನುವುದೊಂದೇ ಬಾಕಿ.

ಎರ್ರಿಸ್ವಾಮಿ ಕನ್ನಡಕ ತೆಗೆದರು. "ಎಲ್ಲಾ ಬರೋಬರಿ ಐತಿ ತಂಗಿ. ಆದ್ರ ಒಂದ ಒಂದು ಕೊರತಿ. ಅಧ್ಯಕ್ಷ ನಾನು. ನನ್ನ ಗಿರಣಿ ಹೆಸರು ಕೊನೀಗೈತಿ. ಅದು ಎಲ್ಲಾಕಿಂತ ಮೊದಲ ಬರಬೇಕು. ಆಮ್ಯಾಲೆ ಒಪ್ಪತೀನಿ."

ಹೆಸರುಗಳು ಇಂಗ್ಲಿಷ್ ಅಕ್ಷರದ ಸಾಲಿನಲ್ಲಿ ಬರುತ್ತಿದ್ದವು, ವೈ ಅಕ್ಷರದಿಂದ ಶುರುವಾಗುವ ಅವರದು ಕೊನೆಗೆ ಬೀಳುತ್ತಿತ್ತು. ಒಬ್ಬರ ಹೆಸರು ಕಿತ್ತು ಮೇಲೆ ಹಾಕಿದರೆ ಉಳಿದವರು ಬಿಡುತ್ತಾರೆಯೇ? ಟೀಚರು ದಣಿದಿದ್ದರು. ಇದನ್ನು ಹೇಗಾದರೂ ತಪ್ಪಿಸಬೇಕೆಂದು, "ಅಣ್ಣಾರ, ನಮ್ಮ ಕಟ್ಟಳಿ ನಿಮಗ ಗೊತ್ತೈತಲ್ಲ, ತಿದ್ದಿದವರು ಕುಣೀಬೇಕು," ಎಂದು ಕುರ್ಚಿ ಎಳೆದರು.

ಎರ್ರಿಸ್ವಾಮಿ ಕುರ್ಚಿಯ ಕಡೆ ನೋಡಲೇ ಇಲ್ಲ. ಅವರು ಹಳೆಯ ತಾಲೀಮಿನಲ್ಲಿ ಪಳಗಿದವರು. "ಗೊತ್ತೈತಿ. ನಿಮ್ಮಪ್ಪನ ಕಟ್ಟಳಿ ಅದು," ಎಂದು ಧೋತ್ರ ಮೇಲೆ ಕಟ್ಟಿ, ಟವೆಲ್ ಸೊಂಟಕ್ಕೆ ಬಿಗಿದು, ಬತ್ತ ಒಣಹಾಕುವ ಅಂಗಳದ ನಡುವೆ ಹೋಗಿ ನಿಂತರು. ಗಂಟಲು ಸರಿಮಾಡಿಕೊಂಡರು. ಆಮೇಲೆ ರಾಕ್ಷಸ ರಾಜ ಸಭೆಗೆ ಬರುವ ಕುಣಿತ, ಮೊದಲಿಂದ ಕೊನೆತನಕ. ಹಮಾಲರು ಡಬ್ಬ ಬಡಿದರು. ಬತ್ತದ ಧೂಳು ಏಳುತ್ತಿತ್ತು, ಹೊಟ್ಟೆ ಒಂದು ಕಡೆ ಹೋದರೆ ಅವರು ಇನ್ನೊಂದು ಕಡೆ ಹೋಗುತ್ತಿದ್ದರು, ಆದರೆ ತಾಳ ಒಂದೂ ತಪ್ಪಲಿಲ್ಲ.

ಕುಣಿದದ್ದಾಯಿತು. ಕಟ್ಟಳೆಯ ಪ್ರಕಾರ ಇನ್ನು ಅವರ ಮಾತು ನಡೆಯಲೇಬೇಕು. ಅಷ್ಟರಲ್ಲಿ ಪಕ್ಕದ ಗಿರಣಿಯವರು ಟವೆಲ್ ಬಿಗಿಯುತ್ತ ಎದ್ದರು. "ಹಂಗಾದ್ರ ನಾನೂ ಕುಣಿತೀನಿ, ನಂದೂ ಮೊದಲ ಹಾಕ್ರಿ." ಅವರ ಹಿಂದೆ ಇನ್ನೊಬ್ಬರು. ನೋಡುನೋಡುತ್ತ ಸಂಘಕ್ಕೆ ಸಂಘವೇ ಧೋತ್ರ ಎತ್ತಿಕಟ್ಟಿ ಸಾಲಿನಲ್ಲಿ ನಿಂತಿತು. ಮಂಡಿನೋವಿನವರೊಬ್ಬರು ತಮ್ಮ ಪರವಾಗಿ ಅಳಿಯ ಕುಣಿದರೆ ನಡೆಯುತ್ತದೆಯೇ ಎಂದು ವಿಚಾರಿಸುತ್ತಿದ್ದರು.

"ಟೀಚರ್, ಎಲ್ಲಾರೂ ಮೊದಲ ಹೆಂಗ ಬರ್ತಾರ್ರೀ? ಇದನ್ನ ಬರ್ಯಾಕ ಆಗಂಗಿಲ್ಲ," ಎಂದು ಮರಿಬಸಪ್ಪ ಅಳುವ ದನಿಯಲ್ಲಿ ಅಂದ. ವಿರೂಪಾಕ್ಷಪ್ಪನವರು ಗಡಿಯಾರ ನೋಡಿಕೊಂಡರು. ನನಗೆ ಮೆಟ್ಟಿಲ ಕೆಳಗಿನ ಬೋರ್ಡ್ ಕಣ್ಣ ಮುಂದೆ ಬಂತು.

ಟೀಚರು ಸ್ವಲ್ಪ ಹೊತ್ತು ರೂಲರನ್ನು ಕೆನ್ನೆಗೆ ಆನಿಸಿಕೊಂಡು ನಿಂತರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಡಸರ ಸಾಲನ್ನು ಸೀಳಿಕೊಂಡು ಅಂಗಳದ ನಡುವೆ ಹೋಗಿ ನಿಂತರು. ಕುರುಗೋಡಿನಲ್ಲಿ ಎಂದೂ ದಾಟದ ಗೆರೆ ಅದು. ಹಮಾಲರ ಡಬ್ಬದ ಸದ್ದು ನಿಂತಿತು.

"ಅಣ್ಣಾರು ಕುಣಿದಾರ. ಅವರ ಮಾತು ನಡೀತೈತಿ," ಎಂದರು. ಅವರ ದನಿ ಅಷ್ಟು ದೂರ ಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ. "ತಾಲೀಮಿನ್ಯಾಗ ಮೊದಲ ಹೆಸರು ಯಾರ್ದು ಅಂತ ನಮ್ಮಪ್ಪ ಅವರಿಗೆ ಕಲಿಸಿಕೊಟ್ಟಾನ. ಹುಲುಗಪ್ಪ, ದಿನಾ ಯಾರ ಚೀಟಿ ಎಲ್ಲಾರಿಗಿಂತ ತಡ ಆಗಿ ಬರ್ತೈತೋ ಅವರ ಹೆಸರು ಮೊದಲ ಹಾಕು. ಅಪ್ಪನ ಹೆಸರು ಸೇರಿಸಿ ಹಾಕು. ಮರಿಬಸಪ್ಪ, ಎಲ್ಲಿ ತಿದ್ದಬೇಕು ಅವನಿಗೆ ತೋರ್ಸು."

ಮರಿಬಸಪ್ಪ ಪೆನ್ನಿನ ಬಣ್ಣ ಬದಲಾಯಿಸದೆ ಜಾಗ ತೋರಿಸಿದ. ನಾನು ಗುಂಡಿ ಒತ್ತಿದೆ. ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಧೋತ್ರ ಇಳಿಸಿಕೊಂಡು ಹೋಗಿ ಕೂತರು. ಮೊದಲು ಬರುವ ಆಸೆ ಯಾರಿಗೂ ಉಳಿದಿರಲಿಲ್ಲ. ಪ್ರಿಂಟರ್ ಮತ್ತೆ ಕಿರುಗುಟ್ಟಿತು. ಅಂದು ಚೀಟಿ ಕೊನೆಗೆ ಕೊಟ್ಟದ್ದು ಆತಿಥೇಯರೇ, ಎರ್ರಿಸ್ವಾಮಿಯವರೇ. ಅವರ ಹೆಸರು ಅಪ್ಪನ ಹೆಸರಿನ ಸಮೇತ ಕಾಗದದ ನೆತ್ತಿಯ ಮೇಲೆ ಕೂತಿತ್ತು.

ಎರ್ರಿಸ್ವಾಮಿ ಕಾಗದ ಹಿಡಿದುಕೊಂಡು ನಿಂತರು. ಮುಖದ ಮೇಲೆ ಏನೂ ಕಾಣಲಿಲ್ಲ. ಹಮಾಲರೂ ನಗು ತಡೆದುಕೊಂಡು ನಿಂತಿದ್ದರು.

"ಹೊತ್ತಿಗೆ ಬಾ ಅಂತ ನಿಮ್ಮಪ್ಪ ನನಗ ಬೈದು ಬೈದು ಸಾಕಾಗಿ ಹೋದ," ಎಂದರು ಕೊನೆಗೆ, ಅವರ ಮಟ್ಟಿಗೆ ಮೆಲ್ಲಗೆ. "ನೀ ಬೈಲಿಲ್ಲ, ಅಚ್ಚು ಹಾಕಿಸಿಬಿಟ್ಟಿ. ಆತು ಮಾಸ್ತರ. ಒಪ್ಪಿದೆ."

ಅವರು ಮಾಸ್ತರ ಎಂದದ್ದು ಟೀಚರಿಗೆ. ಟೀಚರು ಕಣ್ಣಿಗೆ ಧೂಳು ಬಿತ್ತೆಂದು ಆ ಕಡೆ ತಿರುಗಿದರು. ಆ ಅಂಗಳದಲ್ಲಿ ಧೂಳಿಗೇನೂ ಕಡಿಮೆ ಇರಲಿಲ್ಲ.

ಮರುದಿನ ನಾವು ಮಾಳಿಗೆಯ ಮೇಲೆ ಬಿಸಿಲಲ್ಲಿ ನಿಂತು ಎಂದಿನಂತೆ ವರದಿ ಒಪ್ಪಿಸುತ್ತಿದ್ದಾಗ ವಿರೂಪಾಕ್ಷಪ್ಪನವರು ಚಪ್ಪಲಿ ಕೆಳಗೆ ಬಿಟ್ಟು, ಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು.

"ಟೀಚರಮ್ಮ, ಇದನ್ನ ಅಳಿಸಿ ಕಂಪ್ಯೂಟರ್ ಅಂತ ಬರೆಸೋಣು. ನಿಮ್ಮ ಹೆಸರು ಇರ್ಲಿ. ಮ್ಯಾಲೆ ನನ್ನ ಹೆಸರು ಸ್ವಲ್ಪ ದೊಡ್ಡದಾಗಿ," ಎಂದರು.

ಟೀಚರು ತೊಟ್ಟಿಯ ನೆರಳಿನಿಂದ ಅವರನ್ನೇ ನೋಡಿದರು. ಬಳ್ಳಾರಿಯ ಬಿಸಿಲಿಗೆ ದೀಪಾವಳಿ ಬಂದದ್ದು ಗೊತ್ತೇ ಇರುವುದಿಲ್ಲ, ಕಲ್ಲು ಕಾದಿತ್ತು. ವಿರೂಪಾಕ್ಷಪ್ಪನವರು ಬಲಗಾಲು ಎತ್ತಿದರು. ಅದನ್ನು ಇಟ್ಟು ಎಡಗಾಲು ಎತ್ತಿದರು. ಉತ್ತರಕ್ಕೆ ಕಾಯುತ್ತ ಕಾಯುತ್ತ ಎರಡನ್ನೂ ಜಲ್ದಿ ಜಲ್ದಿ ಎತ್ತತೊಡಗಿದರು, ಬೋರ್ಡ್ ಕಂಕುಳಲ್ಲಿ ಮೇಲೆ ಕೆಳಗೆ ಆಡುತ್ತಿತ್ತು.

ಟೀಚರು ತೊಟ್ಟಿಯ ಅಂಚಿಗೆ ರೂಲರಿನಿಂದ ತಾಳ ಹಾಕತೊಡಗಿದರು.